ಬೆನ್ನ ಹಿಂದಿನ ಬೆಳಕು

ನಂದಿನಿ ಬ್ರೇಕ್ ಹಿಡಿದಳು. ಹಿಂದಿನ ಬೆಳಕು ಆರಿತು.

ಒಂದು ಕಾಲು ನೆಲಕ್ಕೂರಿ ತಿರುಗಿ ನೋಡಿದಳು. ಎರಡೂ ಬದಿಗೆ ಆಳೆತ್ತರದ ಕಬ್ಬು, ನಡುವೆ ಕತ್ತಲು. ಹ್ಯಾಂಡಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿದ್ದ ಮೊಬೈಲಿನ ಬೆಳಕು ಹತ್ತು ಹೆಜ್ಜೆ ದಾಟುತ್ತಿರಲಿಲ್ಲ. ಮತ್ತೆ ಪೆಡಲ್ ತುಳಿದಳು. ಹಿಂದೆ ಬೆಳಕು ಹೊತ್ತಿತು, ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ. ಅವಳು ಜೋರಾಗಿ ತುಳಿದರೆ ಅದು ಉರಿಯುತ್ತಿತ್ತು, ನಿಧಾನಿಸಿದರೆ ಮಂಕಾಗುತ್ತಿತ್ತು. ಯಾರೋ ಅಂಗೈ ಮುಚ್ಚಿ ತೆರೆದು ಆಟವಾಡಿಸುತ್ತಿರುವಂತಿತ್ತು. ದೂರದಲ್ಲಿ ಯಾವುದೋ ಪಂಪ್‌ಸೆಟ್ಟು ಗುಂಯ್ ಎನ್ನುತ್ತಿತ್ತು.

ಇದು ಒಂಬತ್ತನೆಯ ಸಂಜೆ.

ಅರಭಾವಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಬೇಸಿಗೆ ಮುಗಿಯುವಾಗ. ಸಂಜೆಯ ಬಸ್ಸು ಕುಲಗೋಡ ಮುಟ್ಟಿದ ಮೇಲೆ ತೋಟದ ಮನೆಗೆ ಮೂರು ಕಿಲೋಮೀಟರ್ ಸೈಕಲ್ ದಾರಿ. ಆಗ ಬಿಸಿಲಿರುತ್ತಿತ್ತು. ದೀಪಾವಳಿ ಕಳೆದದ್ದೇ ಹೊತ್ತು ಬೇಗ ಮುಳುಗತೊಡಗಿತು. ಮರುವಾರವೇ ಈ ಬೆಳಕು ಬೆನ್ನು ಹತ್ತಿತು. ತೋಟದ ತಿರುವಿನವರೆಗೆ ಬಂದು ಮಾಯವಾಗುತ್ತಿತ್ತು.

ಮನೆಯಲ್ಲಿ ಹೇಳುವಂತಿರಲಿಲ್ಲ. ಕೆಲಸಕ್ಕೆ ಸೇರುವ ದಿನವೇ ಅತ್ತೆ ಕೆಂಪವ್ವ, "ಕತ್ತಲದಾಗ ಒಬ್ಬಾಕಿನ್ನ ಬಿಡಂಗಿಲ್ಲ ನೋಡ" ಎಂದು ಗೆರೆ ಎಳೆದಿದ್ದಳು. ಗಂಡ ಮಲ್ಲೇಶ ಸಕ್ಕರೆ ಕಾರ್ಖಾನೆಯ ಎರಡನೇ ಪಾಳಿಯವನು; ಅವನಿಗೆ ಹೇಳಿದ ಮಾತು ಬೆಳಗಾಗುವುದರೊಳಗೆ ಅವ್ವನ ಕಿವಿ ಸೇರುತ್ತಿತ್ತು. ಸೇರಿದರೆ ಕೆಲಸಕ್ಕೆ ಕೊನೆ. ತೀರಿಹೋದ ಮಾವನ ಸೈಕಲ್ ಕೇಳಿದಾಗಲೇ, "ಅದನ್ನ ಮುಟ್ಟಬ್ಯಾಡ" ಎಂದು ಕೊಟ್ಟಿಗೆಗೆ ಬೀಗ ಜಡಿದವಳು ಕೆಂಪವ್ವ. ಕೊನೆಗೆ ಹುಕ್ಕೇರಿಯ ತವರಿನಿಂದ ತನ್ನ ಹಳೆಯ ಸೈಕಲ್ಲನ್ನೇ ಬಸ್ಸಿನ ಮೇಲೆ ಹೇರಿಸಿ ತರಬೇಕಾಯಿತು.

ಅವಳು ಮನೆ ಮುಟ್ಟಿ ಐದು ನಿಮಿಷಕ್ಕೆ ಕೆಂಪವ್ವ ಮೇವಿನ ಕಟ್ಟು ಹೊತ್ತು ಹಿತ್ತಲಿನಿಂದ ಬಂದಳು. ಮುಖದ ತುಂಬ ಬೆವರು.

"ಬಂದ್ಯಾ?"

"ಹೂನ್ರಿ ಅತ್ತಿ. ಸೀರಿ ಅಂಚಿಗೆ ಕರಿ ಹತ್ತೇತ್ರಿ."

"ಮೇವ ಕತ್ತರಸೋ ಮಶಿನ್ನಿಗೆ ಎಣ್ಣಿ ಬಿಟ್ಟಿದ್ದೆ."

"ಆಯ್ತವಾರ ಗೋಕಾಕಕ್ಕ ಹೋಗಿ ಸೈಕಲ್ಲಿಗೊಂದು ಲೈಟ್ ತರ್ತೇನ್ರಿ."

ಕೆಂಪವ್ವ ಕಟ್ಟು ಇಳಿಸಿ ಅವಳನ್ನು ನೋಡಿದಳು. "ಯಾಕ? ಬೆಳಕ ಸಾಲವಲ್ದೇನ?"

ನಂದಿನಿ ಹ್ಯಾಂಡಲ್‌ನಿಂದ ಮೊಬೈಲು ಬಿಚ್ಚಿಕೊಂಡು ಒಳಗೆ ಹೋದಳು.

ಮೂಡಲಗಿಯಲ್ಲಿ ಮೊದಲೇ ವಿಚಾರಿಸಿದ್ದಳು. ಅಲ್ಲಿ ಸಿಕ್ಕಿದ್ದು ಮಕ್ಕಳ ಆಟಿಕೆಯಂಥವು, ಹಾಡನ್ನೂ ಹಾಡುತ್ತಿದ್ದವು. ಭಾನುವಾರ ಹೋದಾಗ ಗೋಕಾಕದ ಸಿದ್ರಾಯನ ಸೈಕಲ್ ಅಂಗಡಿಯಲ್ಲಿ ಲೈಟುಗಳ ಸಾಲೇ ಇತ್ತು. ಕಪಾಟಿನ ಮೂಲೆಯಲ್ಲಿ ಹಳೆಯ ಗಂಟೆ, ಡೈನಮೋ, ತೊಗಲಿನ ಸೀಟುಗಳು ಧೂಳು ತಿನ್ನುತ್ತಿದ್ದವು.

"ಐದುನೂರರ ಒಳಗ ತೋರಸ್ರಿ."

"ಇದ ತೊಗೊಳ್ರಿ ಅಕ್ಕಾರ. ಬರೇ ಎರಡನೂರಾ ಐವತ್ತು. ಡಬ್ಬಿ ಮ್ಯಾಲ ಬರದಾರ ನೋಡ್ರಿ, ಹತ್ತ ಸಾವಿರ ಲ್ಯೂಮೆನ್."

"ಹತ್ತ ಸಾವಿರ ಇದ್ದಿದ್ರ ನಿಮ್ಮ ಅಂಗಡಿಗೆ ಕರೆಂಟೇ ಬೇಕಾಗಿದ್ದಿಲ್ಲ."

ಸಿದ್ರಾಯ ನಕ್ಕು ಆ ಡಬ್ಬಿಯನ್ನು ಬದಿಗಿಟ್ಟ. "ಸಾಲಿ ಕಲ್ತವ್ರ ಗಿರಾಕಿ ಆದ್ರ ನಮಗ ಕಠಿಣ."

ಅವಳು ಒಂದೊಂದನ್ನೂ ಒಳಕೋಣೆಯ ಕತ್ತಲಿಗೆ ಒಯ್ದು ಎದುರಿನ ಗೋಡೆಗೆ ಹಿಡಿದಳು. ಒಂದರ ಬೆಳಕು ಹರಡಿ ತೆಳುವಾಯಿತು. ಇನ್ನೊಂದು ನಟ್ಟನಡುವೆ ಚುಕ್ಕಿಯಿಟ್ಟು ಸುತ್ತ ಕತ್ತಲು ಬಿಟ್ಟಿತು. ನೀರು ಚಿಮುಕಿಸಿದಳು; ಮೂರನೆಯದು ಮಿಣುಕಿ ಸತ್ತಿತು. ಎಲ್ಲವೂ ಗುಂಡಿ ಒತ್ತಿದೊಡನೆ ಬೆಳ್ಳಗೆ ಉರಿಯುತ್ತಿದ್ದವು. ಯಾವುದೂ ಮೊದಲು ಕೆಂಪಾಗಲಿಲ್ಲ. ಅದು ಅವಳಿಗೆ ಕಾಣಿಸಿತು. ಆದರೆ ಮನಸ್ಸು ಬೇರೆ ಲೆಕ್ಕದಲ್ಲಿತ್ತು.

ನಾಲ್ಕುನೂರಾ ಇಪ್ಪತ್ತರದ್ದೊಂದು ಎಲ್ಲ ಪರೀಕ್ಷೆಗೂ ನಿಂತಿತು. ದೂರ ಬೀಳುತ್ತಿತ್ತು, ಚಾರ್ಜು ಮೂರು ತಾಸು ಬರುತ್ತಿತ್ತು. ಅವಳು ಅದನ್ನು ಕ್ಲಿಪ್ಪಿನಿಂದ ಬಿಚ್ಚಿದಳು, ಸಿಕ್ಕಿಸಿದಳು, ಮತ್ತೆ ಬಿಚ್ಚಿದಳು. ಒಂದೇ ಕೈಯಲ್ಲಿ, ಎರಡು ಸೆಕೆಂಡು.

"ಅಷ್ಟ್ಯಾಕ ಬಿಚ್ಚತೀರಿ ಅಕ್ಕಾರ? ಲೈಟ್ ಇರೂದು ಮುಂದ ನೋಡಾಕ."

"ನನಗ ಹಿಂದ ನೋಡೂದೈತಿ."

ಸೋಮವಾರ ಬಸ್ಸಿಳಿದಾಗ ಪೂರ್ತಿ ಕತ್ತಲಾಗಿತ್ತು. ನಂದಿನಿ ನಿರ್ಧರಿಸಿಯಾಗಿತ್ತು: ಇವತ್ತು ಆ ಮುಖ ಕಂಡರೆ ನಾಳೆ ಪೊಲೀಸರಿಗೆ ದೂರು, ಕಾಣದಿದ್ದರೆ ಕಾಲೇಜಿಗೆ ರಾಜೀನಾಮೆ. ದಿನಾ ಪ್ರಾಣ ಕೈಯಲ್ಲಿ ಹಿಡಿದು ತುಳಿಯುವುದು ಇನ್ನು ಆಗದು.

ಕಬ್ಬಿನ ಗದ್ದೆ ಶುರುವಾಗುತ್ತಲೇ ಹಿಂದೆ ಬೆಳಕು ಬಂತು. ಗುಂಯ್ ಎಂಬ ಸದ್ದೂ ಬಂತು. ಪಂಪ್‌ಸೆಟ್ಟಿನದ್ದು ಎಂದುಕೊಂಡಳು. ಆದರೆ ಇವತ್ತು ಗದ್ದೆಗಳಿಗೆ ಕರೆಂಟು ಇರಲಿಲ್ಲ.

ಕಾಲುವೆಯ ಸೇತುವೆಯ ಮೇಲೆ ಒಮ್ಮೆಲೇ ಬ್ರೇಕ್ ಹಿಡಿದಳು. ಹಿಂದಿನ ಬೆಳಕು ಆರಿತು, ಸದ್ದೂ ನಿಂತಿತು. ಲೈಟು ಬಿಚ್ಚಿ ಹಿಂದಕ್ಕೆ ತಿರುಗಿಸಿದಳು.

"ಯಾರದು? ಮುಂದ ಬಂದ್ರ ಊರ ಕೂಡಸ್ತೇನಿ."

ಬೆಳಕಿನ ತುದಿಯಲ್ಲಿ ಮಾವನ ಸೈಕಲ್ ನಿಂತಿತ್ತು. ಕ್ಯಾರಿಯರಿನ ಮೇಲೆ ಮೇವಿನ ಕಟ್ಟು. ಸೀರೆಗೆ ಕಚ್ಚೆ ಬಿಗಿದು, ಕಣ್ಣಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದವಳು ಕೆಂಪವ್ವ.

"ಲೈಟ್ ಆ ಕಡೆ ತಿರುವ, ಕಣ್ಣ ಕುಕ್ಕತೈತಿ," ಎಂದಳು. "ಮತ್ತ ಹಿಂಗ ನಡುನಡುವ ನಿಂದರಬ್ಯಾಡ. ನೀ ನಿಂತ್ರ ನಾನೂ ನಿಂದರಬೇಕು, ನಾ ನಿಂತ್ರ ಡೈನಮೋ ಆರತೈತಿ."