ಏಳು ಸೆಂಟಿಮೀಟರು

ದಾರಿ ತೋರಿಸುವ ಉಪಗ್ರಹಗಳು ಆಕಾಶದಲ್ಲಿ ಎಲ್ಲಿವೆ ಎಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳುವುದು ಅವಳ ಕೆಲಸ. ನೆಲದ ಮೇಲಿನ ಹನ್ನೆರಡು ಸ್ಟೇಷನ್‌ಗಳು ಅವುಗಳ ದೂರ ಅಳೆದು ಕಳಿಸುತ್ತವೆ. ಉಪಗ್ರಹ ಓಡುತ್ತದೆ, ಸ್ಟೇಷನ್ ನಿಂತಲ್ಲೇ ನಿಂತಿರುತ್ತದೆ. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಮೂರು ದಿನದಿಂದ ಅವುಗಳಲ್ಲಿ ಗುಡ್ಡದ ಮೇಲಿನ ಸ್ಟೇಷನ್ನಿನ ಅಳತೆ ಮಾತ್ರ ಉಳಿದವುಗಳಿಗೆ ಹೊಂದುತ್ತಿರಲಿಲ್ಲ. ಮೊದಲ ದಿನ ಎರಡು ಸೆಂಟಿಮೀಟರು ತಪ್ಪಿತು, ಮರುದಿನ ನಾಲ್ಕು, ಇವತ್ತು ಏಳು. ಸ್ಟೇಷನ್ನಿನ ಗಡಿಯಾರ ಸರಿಯಿದೆಯೇ ಎಂದು ನೋಡಿದಳು, ಸೂತ್ರಗಳನ್ನೆಲ್ಲ ಮೊದಲಿನಿಂದ ನೋಡಿದಳು. ಏಳು ಏಳಾಗಿಯೇ ಉಳಿಯಿತು.

"ಅದನ್ನ ಕಿತ್ತುಹಾಕಮ್ಮ," ಎಂದರು ಹಿರಿಯ ಅಧಿಕಾರಿ. "ಹೊಂದದೇ ಇರೋ ಸ್ಟೇಷನ್ ಬಿಟ್ಟು ಲೆಕ್ಕ ಹಾಕೋದು ನಮ್ಮಲ್ಲಿ ಮೊದಲಿಂದ ಇರೋ ಪದ್ಧತಿ."

"ಯಾಕೆ ಹೀಗಾಗ್ತಿದೆ ಅಂತ ಗೊತ್ತಾಗ್ಬೇಕಲ್ಲ ಸರ್."

"ಯಂತ್ರ ಹಳೇದು. ಮಳೆಗಾಲ ಮುಗೀಲಿ, ಯಾರನ್ನಾದ್ರೂ ಕಳಿಸೋಣ."

ಬೇರೆ ದಾರಿ ಕಾಣದೆ ಲೆಕ್ಕದಿಂದ ಕಿತ್ತುಹಾಕಿದಳು. ಉಪಗ್ರಹಗಳೆಲ್ಲ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತವು. ಅಧಿಕಾರಿ ಸಹಿ ಹಾಕಿ ಊಟಕ್ಕೆ ಹೋದರು.

ಮನಸ್ಸು ತಡೆಯದೆ ಅವಳು ಗುಡ್ಡಕ್ಕೆ ಫೋನ್ ಮಾಡಿದಳು. ಹೆಂಡತಿ ಮಕ್ಕಳೊಂದಿಗೆ ಅಲ್ಲೇ ವಾಸವಿರುವ ಕಾವಲುಗಾರ ಐತಪ್ಪ ಎತ್ತಿದ.

"ಐತಪ್ಪಣ್ಣ, ಆಂಟೆನಾ ಕಂಬ ಏನಾದ್ರೂ ಅಲುಗಾಡಿದೆಯಾ?"

"ಇಲ್ಲ ಮೇಡಂ, ಅದು ಬಂಡೆ ಹಾಗೆ ನಿಂತಿದೆ. ಇಲ್ಲಿ ಎಂತದೂ ಆಗ್ಲಿಲ್ಲ."

"ಮಳೆ?"

"ಮಳೆ ಉಂಟು, ಯಾವಾಗಲೂ ಇರುವುದೇ."

"ಬೇರೇನೂ ಇಲ್ವಾ?"



"ನಮ್ಮ ಮನೆಯ ಕಬ್ಬಿಣದ ಬಾಗಿಲು ಮಾತ್ರ ಮೂರು ದಿನದಿಂದ ಹಾಕ್ಲಿಕ್ಕೆ ಆಗುದಿಲ್ಲ ಮೇಡಂ, ಚೌಕಟ್ಟು ದಿನಾ ಸ್ವಲ್ಪ ಸ್ವಲ್ಪ ಗುಡ್ಡದ ಇಳಿಜಾರಿನ ಕಡೆಗೆ ಓರೆ ಆಗ್ತಾ ಉಂಟು."