ಮೆಣಸಿನ ಗಿಡದ ಮಡಿ

"ಮತ್ತೆ ಉದುರಿವೆ ನೋಡೇ!" ಎಂದು ಮಾವ ಶಾಮಣ್ಣ ಕೂಗಿದ್ದು ಹಿಂದಿನ ಕೋಣೆಯಲ್ಲಿದ್ದ ಚೂಡಾಮಣಿಗೂ ಕೇಳಿಸಿತು. ಬಾಗಿಲ ಸಂದಿಯಲ್ಲಿ ಬಗ್ಗಿ ನೋಡಿದಳು. ಮುಂದಿನ ಕೋಣೆಯ ಕಿಟಕಿಯ ಬಳಿ ಸಾಲಾಗಿಟ್ಟಿದ್ದ ಕುಂಡಗಳ ಕೆಳಗೆ ದಪ್ಪ ಮೆಣಸಿನಕಾಯಿ ಗಿಡದ ಬಿಳಿ ಹೂಗಳು ತೊಟ್ಟುಸಮೇತ ಬಿದ್ದಿದ್ದವು. ಶಾಮಣ್ಣ ಅವನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ ಭಂಗಿ ನೋಡಿದರೆ, ಯಾರದೋ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೊರಟವನ ಹಾಗಿತ್ತು.

ಬೀಜ ಕೊಟ್ಟವರು ಆಫೀಸಿನ ಸಾಹೇಬರು, ಊಟಿಯಿಂದ ತಂದದ್ದು. "ಕಾಯಿ ಬಿಡ್ತೇನ್ರೀ?" ಎಂದು ಅವರು ಕೇಳಿದಾಗಲೆಲ್ಲ ಶಾಮಣ್ಣ "ಇನ್ನೇನು ಸಾರ್, ಹೂ ಕಚ್ಚಿದೆ" ಎಂದು ಹಲ್ಲು ಕಿರಿಯುತ್ತಿದ್ದ. ಗಿಡ ಹೊರಗಿಟ್ಟರೆ ಜಯನಗರದ ಖಾಲಿ ಸೈಟುಗಳಲ್ಲಿ ಮೇಯುವ ಎಮ್ಮೆಗಳ ಬಾಯಿ, ಎದುರುಮನೆಯವರ ಕಣ್ಣು. ಎಮ್ಮೆಗಿಂತ ಕಣ್ಣಿಗೇ ಹೆಚ್ಚು ಹೆದರಿ ಒಳಗಿಟ್ಟು, ಕಿಟಕಿ ಬಿಗಿದು, ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದ. ಬಿಸಿಲಿಗೆ ಮಾತ್ರ ಒಳಗೆ ಬರಲು ಪರವಾನಗಿ. ಗಾಳಿಗಿಲ್ಲ, ಜೇನುನೊಣಕ್ಕಂತೂ ಇಲ್ಲವೇ ಇಲ್ಲ. ಗರ್ಭಗುಡಿಯಲ್ಲೂ ಇಷ್ಟು ಕಟ್ಟುನಿಟ್ಟು ಇರಲಾರದು.

"ಇವಳು ಮುಟ್ಟಿರ್ತಾಳೆ," ಎಂದಳು ಅತ್ತೆ ಸೀತಮ್ಮ, ಹಿಂದಿನ ಕೋಣೆಯ ಕಡೆ ಗದ್ದ ಎತ್ತಿ. ಸೊಸೆ ಅಲ್ಲಿ ತಿಂಗಳ ಮೂರು ದಿನ ಹೊರಗೆ ಕೂತಿದ್ದಳು. ಹೊರಗಾದವರು ಮುಟ್ಟಿದರೆ ಗಿಡ ಹಾಳು ಎನ್ನುವುದಕ್ಕೆ ಆ ಮನೆಯಲ್ಲಿ ಸಾಕ್ಷಿ ಕೇಳುವ ಪದ್ಧತಿ ಇರಲಿಲ್ಲ.

"ನಾನ್ಯಾಕತ್ತೆ ಮುಟ್ಲಿ? ಆ ಕಡೆ ತಲೇನೂ ಹಾಕಿಲ್ಲ."

"ನೆರಳು ಬಿದ್ರೂ ಸಾಕು."

"ಬಾಗಿಲು ಹಾಕಿದೀರಿ, ಕಿಟಕಿ ಹಾಕಿದೀರಿ. ನನ್ನ ನೆರಳೇನು ಚಿಲಕ ತೆಕ್ಕೊಂಡು ಹೋಯ್ತಾ?"

"ಬಾಯಿ ನೋಡು, ಬಾಯಿ!" ಶಾಮಣ್ಣ ತೀರ್ಪು ಕೊಟ್ಟೇಬಿಟ್ಟ. "ಇರೋ ಹೂವೂ ಉದುರ್ಲಿ, ಚನ್ನಪಟ್ಟಣದ ಬಸ್ಸು ಹತ್ತಿಸ್ತೀನಿ. ತವರಲ್ಲೇ ಬಿದ್ದಿರು. ಟೈಪಿಂಗೂ ಬೇಡ, ಗೀಪಿಂಗೂ ಬೇಡ."

ಅದು ಸರಿಯಾದ ಜಾಗಕ್ಕೇ ತಾಗಿತು. ಗಂಡ ರೈಲ್ವೆ ಕೆಲಸದಲ್ಲಿ ಸದಾ ಊರೂರು ಸುತ್ತುವವನು. ಅವಳಿಗೆಂದು ಇದ್ದದ್ದು ನಾಲ್ಕನೇ ಬ್ಲಾಕಿನ ಮಹಡಿ ಮೇಲಿನ ಟೈಪಿಂಗ್ ಕ್ಲಾಸೊಂದೇ. ಅತ್ತು, ಉಪವಾಸ ಕೂತು ಗಿಟ್ಟಿಸಿಕೊಂಡದ್ದು. ಪರೀಕ್ಷೆ ಹತ್ತಿರ ಬಂದಿತ್ತು.

ಸಂಜೆ ಅತ್ತೆ ಮಾವ ಬನಶಂಕರಿ ಗುಡಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋದರು. ಮೆಣಸಿನ ಗಿಡ ಕಾಯಿ ಕಚ್ಚಲೆಂದು ನಿಂಬೆಹಣ್ಣನ್ನು ಸೀಳುವ ಭಕ್ತಿ! ಗೇಟು ಮುಚ್ಚಿದ ಸದ್ದಾದದ್ದೇ ತಡ, ಚೂಡಾಮಣಿ ಎದ್ದು ನೆಟ್ಟಗೆ ಮುಂದಿನ ಕೋಣೆಗೆ ನಡೆದಳು. ಮುಟ್ಟದೆಯೇ ಬೈಸಿಕೊಂಡಾಗಿದೆ, ಮುಟ್ಟಿಯೇ ಬೈಸಿಕೊಳ್ಳೋಣ ಎನ್ನಿಸಿತ್ತು. ಮೊದಲನೇ ಗಿಡದ ಕತ್ತು ಹಿಡಿದು ಗಡಗಡ ಅಲ್ಲಾಡಿಸಿದಳು. "ಉದುರು, ಉದುರು ನೋಡ್ತೀನಿ!" ಒಂದೊಂದು ಹೂವಿನ ಬಾಯಿಗೂ ಬೆರಳಿಟ್ಟು ತಿವಿದಳು. ಬೆರಳ ತುದಿಗೆ ಹಿಟ್ಟಿನಂಥ ಪುಡಿ ಅಂಟಿತು. ಅದೇ ಬೆರಳಲ್ಲಿ ಮುಂದಿನ ಗಿಡ, ಅದರ ಮುಂದಿನ ಗಿಡ. ಮೂಲೆಯ ಕುಂಡಕ್ಕೆ ಬರುವಷ್ಟರಲ್ಲಿ ಗೇಟು ಕಿರ್ರೆಂದಿತು. ಹಿಂದಿನ ಕೋಣೆಗೆ ಓಡಿಹೋಗಿ ಗುಬ್ಬಚ್ಚಿಯ ಹಾಗೆ ಕೂತುಬಿಟ್ಟಳು.

ಹೂಗಳು ಉದುರಲಿಲ್ಲ. ಎಸಳು ಬಾಡಿತು, ಬುಡದಲ್ಲಿ ಹಸಿರು ಗುಂಡಿ ಕಾಣಿಸಿತು, ಗುಂಡಿ ಗೋಲಿಯಾಯಿತು. ಗಾಳಿ ಮಾಡಬೇಕಾದ ಕೆಲಸವನ್ನು ಅವಳ ಸಿಟ್ಟು ಮಾಡಿ ಮುಗಿಸಿತ್ತು. ಮನೆಯಲ್ಲಿ ಮಾತ್ರ ಕೀರ್ತಿಯೆಲ್ಲ ನಿಂಬೆಹಣ್ಣಿಗೆ ಹೋಯಿತು.

"ತಾಯಿ ಕಣ್ಣು ಬಿಟ್ಳು," ಎಂದು ಸೀತಮ್ಮ ಕೆನ್ನೆ ಬಡಿದುಕೊಂಡಳು.

ಶಾಮಣ್ಣ ಮೂಲೆಯ ಕುಂಡದ ಮುಂದೆ ನಿಂತ. ಅದರಲ್ಲಿ ಒಂದು ಕಾಯಿಯೂ ಇರಲಿಲ್ಲ. ಸೊಸೆಯ ಕಡೆ ತಿರುಗಿದ. "ಇದೊಂದು ಬೋಳು. ಯಾಕೆ ಹೇಳು? ಇದನ್ನ ಮಾತ್ರ ಮುಟ್ಟಿದೀಯ ನೀನು! ಗಂಟು ಕಟ್ಟು, ನಾಳೆ ಬಸ್ಸು."

ಚೂಡಾಮಣಿಗೆ ತಡೆಯಲಾಗಲಿಲ್ಲ. "ಮಾವ, ನಾನು ಮುಟ್ಟದೆ ಬಿಟ್ಟಿರೋದು ಅದೊಂದನ್ನೇ! ಮಿಕ್ಕಿದ್ದನ್ನೆಲ್ಲ ಹೊರಗೆ ಕೂತಿದ್ದಾಗ್ಲೇ ಹಿಡಿದು ಅಲ್ಲಾಡಿಸಿದೀನಿ. ಒಂದೊಂದು ಹೂವಿಗೂ ಬೆರಳು ಹಾಕಿದೀನಿ. ನೋಡ್ಕೊಳ್ಳಿ!"

"ಅಯ್ಯಯ್ಯೋ, ಅನಾಚಾರ!" ಸೀತಮ್ಮ ಗಂಜಲದ ಚೊಂಬು ತರಲು ಓಡಿದಳು. "ಎಲ್ಲಾ ಕಿತ್ತು ತಿಪ್ಪೆಗೆ ಎಸೀರಿ!"

ಶಾಮಣ್ಣ ಎರಡೂ ಕೈ ಚಾಚಿ ಕುಂಡಗಳಿಗೆ ಅಡ್ಡ ನಿಂತ. "ಎಸೆದು? ಸಾಹೇಬರಿಗೆ ಏನು ಕೊಡ್ಲಿ, ನಿನ್ನ ಗಂಜಲಾನಾ?" ಆಮೇಲೆ ಗಂಟಲು ಸರಿಮಾಡಿಕೊಂಡು, ಗಿಡಕ್ಕೆ ಮೈಲಿಗೆ ತಟ್ಟಿದರೂ ಕಾಯಿಗೆ ತಟ್ಟುವುದಿಲ್ಲವೆಂದು ಶಾಸ್ತ್ರದಲ್ಲಿದೆ ಎಂದ. ಯಾವ ಶಾಸ್ತ್ರವೆಂದು ಸೀತಮ್ಮ ಕೇಳಿದಳು. ಆಫೀಸಿಗೆ ಹೊತ್ತಾಯಿತೆಂದು ಹೊರಟ.

ಸಾಹೇಬರು ಕಾಯಿ ಮೆಚ್ಚಿದರು. ಇನ್ನೊಂದು ಬುಟ್ಟಿ ಬೇಕೆಂದರು. ಬಸ್ಸಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮುಂದಿನ ತಿಂಗಳು ಚೂಡಾಮಣಿ ಹಿಂದಿನ ಕೋಣೆಯಲ್ಲಿ ಕೂತ ಬೆಳಗ್ಗೆ ಬಾಗಿಲಾಚೆ ಏನೋ ಗೊರಗೊರ ಉಜ್ಜುವ ಸದ್ದಾಯಿತು. ನೋಡಿದರೆ ಶಾಮಣ್ಣ. ಸ್ನಾನ ಮುಗಿಸಿ ಮಡಿಪಂಚೆ ಉಟ್ಟಿದ್ದಾನೆ. ಸೊಸೆಯ ಗಾಳಿ ಸೋಕದಷ್ಟು ದೂರದಲ್ಲಿ ನಿಂತು, ಮುಖ ಅತ್ತ ತಿರುಗಿಸಿ, ಬಟ್ಟೆ ಒಣಹಾಕುವ ಉದ್ದದ ಕೋಲಿನಿಂದ ಹೂಬಿಟ್ಟ ಕುಂಡವನ್ನು ಅವಳ ಹೊಸಿಲಿನ ಕಡೆ ತಳ್ಳುತ್ತಿದ್ದಾನೆ.

"ಒಂಚೂರು ಅಲ್ಲಾಡಿಸಮ್ಮ," ಎಂದ ಗೋಡೆಗೆ.

ಚೂಡಾಮಣಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಕುಂಡವನ್ನು ದಾಟಿ ಚಪ್ಪಲಿ ಮೆಟ್ಟಿದಳು. "ಟೈಪಿಂಗ್ ಕ್ಲಾಸಿದೆ ಮಾವ. ಬಂದ್ಮೇಲೆ ನೋಡೋಣ."