ಕಾವ್ಯ ಮಾಡಿದ ಬಸ್ಸು

ಕಂಪ್ಯೂಟರಿನೊಳಗಿನ ಬಸ್ಸು ಹೊರಡಲೇ ಇಲ್ಲ. ಕಿಟಕಿಗೊಂದು ತಲೆಯಂತೆ ಜನ ತುಂಬಿಕೊಂಡು, ಮುಂದಿನ ಸೀಟಿನಲ್ಲೊಂದು ಬಿಳಿಗೂದಲ ಅಜ್ಜಿಯನ್ನೂ ಕೂರಿಸಿಕೊಂಡು ಸ್ಟ್ಯಾಂಡಿನಲ್ಲಿ ನಿಂತೇ ಇತ್ತು. ಪುಟ್ಟಪ್ಪ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಆ ಬಾಣದ ಗುರ್ತು ಒತ್ತು ಅಪ್ಪಯ್ಯ, ಹೋಗತ್ತೆ," ಅಂದಳು ಮಗಳು ಕಾವ್ಯ.

"ಕಂಡಕ್ಟರ್ ರೈಟ್ ಅನ್ನದೆ ಎಂತ ಹೋಗೋದು?"

ಕಾವ್ಯ ನಗು ನುಂಗಿಕೊಂಡಳು. ನಗುವ ಹೊತ್ತೇ ಅದು? ಕಂಪ್ಯೂಟರ್ ಆಟ ತಯಾರಿಸುವ ಮಂಗಳೂರಿನ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಬರುತ್ತೀಯೋ ಇಲ್ಲವೋ ಎಂದು ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು. ಇತ್ತ ಕೊಪ್ಪದಲ್ಲೇ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಕೆಲಸವೂ ಕೈಗೆ ಬಂದಿತ್ತು. ತಾಯಿ ಯಮುನಮ್ಮನಿಗೆ ಟೀಚರ್ ಕೆಲಸವೇ ಸೈ. ಪುಟ್ಟಪ್ಪನದು ವಾರದಿಂದ ಒಂದೇ ಪ್ರಶ್ನೆ: "ಆಟ ಮಾಡಿದ್ರೆ ಯಾರಿಗೆಂತ ಉಪಯೋಗ?" ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಕಾವ್ಯ, ತಾನು ಮಾಡಿದ ಆಟದ ಮುಂದೆಯೇ ಅಪ್ಪನನ್ನು ತಂದು ಕೂರಿಸಿದ್ದಳು. ಆಡಿ ನೋಡಿ ಬೇಡ ಅಂದರೆ ಬೇಡ, ಟೀಚರೇ ಆಗುತ್ತೇನೆ ಎಂದು ಬೇರೆ ಮಾತು ಕೊಟ್ಟಿದ್ದಳು.

"ರೈಟ್," ಅಂದಳು.

ಬಸ್ಸು ಹೊರಟಿತು. ಬಸ್ ಡ್ರೈವರ್ ಆಗಿದ್ದ ಪುಟ್ಟಪ್ಪ ಸ್ಟೀರಿಂಗ್ ಮುಟ್ಟದೆ ವರ್ಷಗಳೇ ಆಗಿದ್ದವು. ಹಿಂದೊಮ್ಮೆ ಕಮ್ಮರಡಿ ದಾರಿಯ ಇಳಿಜಾರಿನಲ್ಲಿ ಅವನ ಬಸ್ಸು ಜಾರಿ ಗದ್ದೆಗೆ ಉರುಳಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆದರೆ ಮುಂದಿನ ಸೀಟಿನಲ್ಲಿದ್ದ ತುಂಗಮ್ಮನ ಕಾಲು ಮುರಿಯಿತು. ಆಕೆ ಇಂದಿಗೂ ಕೋಲೂರಿಕೊಂಡೇ ನಡೆಯುವುದು. ಎದುರಾದಾಗಲೆಲ್ಲ "ಊಟ ಆಯ್ತಾ ಪುಟ್ಟಪ್ಪ?" ಎಂದು ನಗುತ್ತಲೇ ಕೇಳುತ್ತಾಳೆ. ನಾಲ್ಕು ಮಾತು ಬೈದಿದ್ದರಾದರೂ ವಾಸಿಯಿತ್ತು. ಅಂದಿನಿಂದ ಪುಟ್ಟಪ್ಪ ಸ್ಟ್ಯಾಂಡಿನಲ್ಲಿ ನಿಂತು ಊರಿನ ಹೆಸರು ಕೂಗಿ ಜನ ಹತ್ತಿಸುವ ಏಜೆಂಟ್.

ಆಟದಲ್ಲೂ ಇಳಿಜಾರು ಬಂತು. ಪುಟ್ಟಪ್ಪನ ಬಲಗಾಲು ತಾನಾಗಿಯೇ ನೆಲವನ್ನು ಅದುಮಿತು. ಕಾವಿ ನೆಲದಲ್ಲಿ ಬ್ರೇಕ್ ಎಲ್ಲಿಂದ ಬರಬೇಕು? ಬೆರಳು ಮಾತ್ರ ಬಾಣದ ಗುರುತನ್ನು ಬಿಡಲೇ ಇಲ್ಲ. "ಬೆರಳು ತೆಗಿ ಅಪ್ಪಯ್ಯ" ಎಂದು ಕಾವ್ಯ ಹೇಳುವಷ್ಟರಲ್ಲಿ ಬಸ್ಸು ರಸ್ತೆ ಬಿಟ್ಟು ಪಲ್ಟಿ ಹೊಡೆದು ಕೆಳಗೆ ಬಿತ್ತು.

ಪುಟ್ಟಪ್ಪ ಕಣ್ಣು ಮುಚ್ಚಿಕೊಂಡ. ಕಾವ್ಯ, ಬಸ್ಸು ಕಂಡರೆ ಅಪ್ಪನಿಗೆ ಖುಷಿಯಾದೀತು ಅಂದುಕೊಂಡಿದ್ದಳೇ ಹೊರತು ಈ ಇಳಿಜಾರು ಅವಳ ತಲೆಗೇ ಹೋಗಿರಲಿಲ್ಲ. ಎಂಥ ದಡ್ಡಿ ನಾನು, ಮಂಗಳೂರಿನ ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡಳು.

"ಯಾರ್ಯಾರಿಗೆ ಪೆಟ್ಟಾಯ್ತು?" ಪುಟ್ಟಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಯಾರಿಗೂ ಎಂತದೂ ಆಗ್ಲಿಲ್ಲ ಅಪ್ಪಯ್ಯ. ಬಸ್ಸು ಮತ್ತೆ ಸ್ಟ್ಯಾಂಡಿಗೆ ಬಂತು, ನೋಡು."

"ಮುಂದಿನ ಸೀಟಲ್ಲೊಂದು ಅಜ್ಜಿ ಇತ್ತಲ್ಲ?"

"ಅಲ್ಲೇ ಕೂತಿದೆ."

ಪುಟ್ಟಪ್ಪ ಮೊದಲು ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು. ಅಜ್ಜಿ ಕೂತಲ್ಲೇ ಕೂತಿತ್ತು. ಅವನು ಅದನ್ನೇ ಬಹಳ ಹೊತ್ತು ನೋಡಿದ. ಮತ್ತೆ ಬಸ್ಸು ಹೊರಡಿಸಿದ. ಇಳಿಜಾರು ಬಂದಾಗ ಬೆರಳು ಎತ್ತಿ, ಹದ ನೋಡಿ ಇಳಿಸಿದ. ಕೆಳಗೆ ರಸ್ತೆ ಮಟ್ಟಸವಾಗಿತ್ತು. ಪುಟ್ಟಪ್ಪ ಉಸ್ಸೆಂದು ಕುರ್ಚಿಗೆ ಒರಗಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರನ್ನೋ ಕಣ್ಣೀರನ್ನೋ, ಕಾವ್ಯ ಕೇಳಲಿಲ್ಲ. ಅವಳಿಗೂ ಹೋದ ಜೀವ ಬಂದಂತಾಯಿತು.

ಯಮುನಮ್ಮ ಕಾಫಿ ತಂದಳು. "ಮುಗೀತಾ ಮಕ್ಕಳಾಟ? ಇದ್ರಿಂದ ಯಾರಿಗೆಂತ ಉಪಯೋಗ ಅಂತ ಕೇಳ್ತಿದ್ರಲ್ಲ, ಈಗ ಕೇಳಿ."

"ನಂಗೇ ಉಪಯೋಗ ಆಯ್ತು ಮಾರಾಯ್ತಿ," ಅಂದ ಪುಟ್ಟಪ್ಪ.

ಯಮುನಮ್ಮ ಅವನ ಮುಖ ನೋಡಿದಳು. ಕಾಫಿ ಲೋಟವನ್ನು ಅವನ ಕೈಗಿಟ್ಟಳು.

ಕಾವ್ಯ ಮೊಬೈಲ್ ತೆಗೆದು ಮಂಗಳೂರಿನ ನಂಬರ್ ಒತ್ತಿದಳು. ಹಸಿರು ಬಟನ್ನಿನ ಮೇಲೆ ಬೆರಳಿಟ್ಟು, ಒತ್ತದೆ, ಅಪ್ಪನನ್ನೇ ನೋಡುತ್ತ ನಿಂತಳು.

ಪುಟ್ಟಪ್ಪ ಮೇಜಿನ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ಬಡಿದ.

"ರೈಟ್."